ಬಣ್ಣ ಹೊಡೆಸದ ಕಾರಿನ ಬೆಲೆ

ಡಾಕ್ಟರಮ್ಮನ ಫೋನು ಬಂದಾಗ ನಾನು ಕೆ.ಆರ್. ಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ಸ್ಕೂಟರಿನ ಕಾರ್ಬುರೇಟರು ಬಿಚ್ಚಿಕೊಂಡು ಕೂತಿದ್ದೆ. ಕೈತುಂಬ ಪೆಟ್ರೋಲು. ಹೆಂಡತಿ ಫೋನನ್ನು ನನ್ನ ಕಿವಿಗೆ ಹಿಡಿದು ನಿಂತಳು.

"ಮೇಷ್ಟ್ರೇ, ಬಿಂಡಿಗನವಿಲೆ ಕಡೆ ಒಂದು ಹಳೇ ರೋಡ್‌ಸ್ಟರ್ ಮಾರಾಟಕ್ಕಿದೆಯಂತೆ. ಎರಡೇ ಸೀಟು, ಮೇಲೆ ಸೂರಿಲ್ಲದ ಇಂಗ್ಲೆಂಡ್ ಕಾರು. ಯಾರೂ ರಿಪೇರಿ ಗಿಪೇರಿ ಮಾಡಿಸಿಲ್ಲವಂತೆ. ನೀವೊಂದು ಸಲ ನೋಡಿ ಬೆಲೆ ಹೇಳಿಬಿಡಿ. ನೀವು ಎಷ್ಟು ಅಂದರೆ ಅಷ್ಟು."

ಡಾಕ್ಟರಮ್ಮ ಶ್ರೀರಂಗಪಟ್ಟಣದಲ್ಲಿ ಮಕ್ಕಳ ವೈದ್ಯರು. ನನ್ನ ಮೊಮ್ಮಗಳು ಕೂಸಾಗಿದ್ದಾಗ ಉಸಿರು ಕಟ್ಟಿ ನೀಲಿಗಟ್ಟಿದ್ದಳು. ಇನ್ನೇನು ಕೈಬಿಟ್ಟಿತು ಅಂದುಕೊಂಡಿದ್ದ ಮಗುವನ್ನು ಉಳಿಸಿ ನಮ್ಮ ಮಡಿಲಿಗೆ ಹಾಕಿದವರು ಅವರು. ಆಸ್ಪತ್ರೆ ಬಿಟ್ಟರೆ ಅವರಿಗಿರುವ ಒಂದೇ ಹುಚ್ಚು ಹಳೆಯ ಕಾರುಗಳದ್ದು. ನಾನು ಐಟಿಐನಲ್ಲಿ ಮೋಟಾರು ಮೆಕ್ಯಾನಿಕ್ ಪಾಠ ಹೇಳಿ ನಿವೃತ್ತನಾದವನೆಂದು ಗೊತ್ತಾದ ಮೇಲೆ ಅವರು ನನ್ನನ್ನು ಬಿಟ್ಟಿರಲಿಲ್ಲ. ಅವರ ಕಾರುಗಳಿಗೆ ಕೆಮ್ಮು ಬಂದರೂ ನೆಗಡಿ ಬಂದರೂ ಮೇಷ್ಟ್ರೇ ಬೇಕು.

"ನೋಡ್ತೀನಿ ಬುಡಿ ಡಾಕ್ಟ್ರೆ. ಯಾವ ಊರು?" ಅಂದೆ.

ಅವರು ಊರಿನ ಹೆಸರು ಹೇಳಿದರು. ಆಮೇಲೆ ಮನೆಯ ಗುರುತು ಹೇಳಿದರು. ಕಲ್ಲುಬಾವಿಯ ಪಕ್ಕದ ತೊಟ್ಟಿ ಮನೆ, ಮುಂದೆ ಹಾಲಿನ ಕ್ಯಾನುಗಳು. ಅದು ನಮ್ಮ ದೊಡ್ಡವ್ವನ ಮನೆ. ದೊಡ್ಡವ್ವ ಎಂದರೆ ನನ್ನ ತಾಯಿಯ ದೊಡ್ಡಪ್ಪನ ಮಗಳು. ದೂರದ ನಂಟೇ ಆದರೂ ಚಿಕ್ಕವನಿದ್ದಾಗ ಬೇಸಗೆ ರಜೆಯಲ್ಲಿ ಅವರ ಮನೆಯಲ್ಲಿ ಮಜ್ಜಿಗೆ ಕುಡಿದು ಬೆಳೆದವನು ನಾನು. ಚಪ್ಪರದ ಕೆಳಗೆ ಬಿದ್ದಿದ್ದ ಅವರ ಹಳೇ ಕಾರನ್ನು ಮಾರುತ್ತಾರೆಂಬುದು ನನಗೆ ಗೊತ್ತೇ ಇರಲಿಲ್ಲ.

ಹೆಂಡತಿ ಫೋನು ಇಟ್ಟು ನನ್ನ ಮುಖ ನೋಡಿದಳು. "ಏನಾಯ್ತು?"

"ಕೊಳ್ಳೋರು ಮಗು ಉಳಿಸಿದೋರು. ಮಾರೋರು ದೊಡ್ಡವ್ವ. ಮಧ್ಯದಲ್ಲಿ ಬೆಲೆ ಹೇಳೋನು ನಾನು."

"ಆಗಲ್ಲ ಅಂದ್ಬುಡಿ" ಅಂದಳು ಅವಳು, ತುಂಬ ಸುಲಭವಾಗಿ.

ಅದನ್ನೇ ಯೋಚಿಸಿದೆ. ಆದರೆ ನಾನು ಆಗಲ್ಲ ಅಂದರೆ ಇನ್ಯಾರೋ ಬರುತ್ತಾರೆ. ಬೆಲೆ ಏರಿಸಿದರೆ ಡಾಕ್ಟರಮ್ಮನಿಗೆ ಮೋಸ, ಇಳಿಸಿದರೆ ದೊಡ್ಡವ್ವನಿಗೆ. ಸಂಜೆ ಡಾಕ್ಟರಮ್ಮನಿಗೆ ನಾನೇ ಫೋನ್ ಮಾಡಿ ವಿಷಯ ಹೇಳಿದೆ. ಮಾರುವವರು ನನ್ನ ನೆಂಟರು. ನಿಮಗೆ ಅಡ್ಡಿಯಿಲ್ಲದಿದ್ದರೆ ನೋಡುತ್ತೇನೆ. ಆದರೆ ಬೆಲೆಯನ್ನು ಇಬ್ಬರನ್ನೂ ಒಂದೇ ಕಡೆ ಕೂರಿಸಿಕೊಂಡು ಒಂದೇ ಸಲ ಹೇಳುತ್ತೇನೆ, ಮೊದಲೇ ಯಾರ ಕಿವಿಗೂ ಹಾಕುವುದಿಲ್ಲ ಅಂದೆ. ಅವರು ನಕ್ಕು, "ಇನ್ನೂ ಒಳ್ಳೇದಾಯ್ತು. ಭಾನುವಾರ ನಾನೂ ಬರ್ತೀನಿ" ಅಂದರು.

ಮಾರನೇ ದಿನ ಬೆಳಿಗ್ಗೆ ಸ್ಕೂಟರು ಹತ್ತಿದೆ. ಆ ಕಡೆಯದು ಮಳೆ ನಂಬಿದ ಜಮೀನು. ರಾಗಿ ಕೊಯ್ದ ಹೊಲಗಳಲ್ಲಿ ಕುರಿ ಮಂದೆ ಬಿಟ್ಟಿದ್ದರು. ದೊಡ್ಡವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ವಯಸ್ಸಾಗಿದ್ದರೂ ದನಿ ಮಾತ್ರ ಬಾವಿಯ ಆಚೆಗೂ ಕೇಳುವಂಥದ್ದು.

"ಬಾರ್ಲಾ! ನಿಂಗೂ ಗೊತ್ತಾಯ್ತಾ? ಆ ಡಬ್ಬ ನೋಡಕ್ಕೆ ಬಂದ್ಯಾ?"

"ಯಾಕ್ ದೊಡ್ಡವ್ವ ಮಾರ್ತಾ ಇರೋದು?"

"ಇನ್ನೇನ್ ಪೂಜೆ ಮಾಡ್ಲಾ? ಸೊಸೆ ಇನ್ನೂ ನಾಕು ಅಸ ತರ್ತೀನಿ ಅಂತಾವ್ಳೆ. ಕಟ್ಟಕ್ಕೆ ಜಾಗ ಬ್ಯಾಡ್ವಾ? ಅದು ಅಲ್ಲಿ ಕಾಲ್ ಚಾಚ್ಕೊಂಡು ಕೂತದೆ."

ಸೊಸೆ ಒಳಗಿನಿಂದ ಬಂದು ನಕ್ಕಳು. ಆ ಮನೆಯ ಹಾಲಿನ ವ್ಯವಹಾರವೆಲ್ಲ ಅವಳದ್ದೇ. ಗುಜರಿಯವನೊಬ್ಬ ಬಂದು ಎರಡು ಟಗರಿನ ಬೆಲೆ ಕೊಡುತ್ತೇನೆ ಅಂದಿದ್ದನಂತೆ. ಕೊಟ್ಟುಬಿಡೋಣ ಅಂತ ದೊಡ್ಡವ್ವ ಅಂದಿದ್ದರಂತೆ. ಸೊಸೆಯೇ ತಡೆದು ಫೋನಿನಲ್ಲಿ ಫೋಟೊ ತೆಗೆದು ಯಾರಿಗೋ ಕಳಿಸಿ, ಅದು ಕೈಯಿಂದ ಕೈಗೆ ಹೋಗಿ ಡಾಕ್ಟರಮ್ಮನ ತನಕ ಮುಟ್ಟಿತ್ತು.

ಕೊಟ್ಟಿಗೆಯ ಪಕ್ಕದ ಚಪ್ಪರದ ಕೆಳಗೆ ಕಾರಿತ್ತು. ಮೇಲೆ ರಾಗಿ ಹುಲ್ಲು ಪೇರಿಸಿದ್ದರು. ಸೀಟಿನ ಮೇಲೊಂದು ಕೋಳಿ ಕಾವಿಗೆ ಕೂತಿತ್ತು; ನನ್ನನ್ನು ನೋಡಿ ಕುತ್ತಿಗೆ ಗರಿ ಕೆದರಿತೇ ಹೊರತು ಏಳಲಿಲ್ಲ. ಸೊಸೆ ಅದನ್ನು ಮೊಟ್ಟೆಗಳ ಸಮೇತ ಬುಟ್ಟಿಗೆ ಇಳಿಸಿದಳು. ಇಬ್ಬರೂ ಸೇರಿ ಹುಲ್ಲು ಕೆಡವಿದೆವು.

ದೊಡ್ಡವ್ವ ಅಲ್ಲೇ ಒಂದು ಒರಳಿನ ಮೇಲೆ ಕೂತು ಕಥೆ ಹೇಳಿದರು. ಪಾಂಡವಪುರದಲ್ಲಿ ಕೆಲಸಕ್ಕಿದ್ದ ಒಬ್ಬ ಬಿಳಿಯ ಎಂಜಿನಿಯರು ತನ್ನ ದೇಶಕ್ಕೆ ಹೊರಡುವಾಗ ದೊಡ್ಡವ್ವನ ಮಾವನವರಿಗೆ ಇದನ್ನು ಮಾರಿದ್ದ. ದೊಡ್ಡವ್ವನ ಮದುವೆಯಾದ ಮೇಲೆ ದೊಡ್ಡಪ್ಪ ಅವರನ್ನು ಇದರಲ್ಲೇ ತೊಣ್ಣೂರು ಕೆರೆ ತೋರಿಸಲು ಕರೆದುಕೊಂಡು ಹೋದರಂತೆ.

"ಕೆರೆ ಎಲ್ಲಿ ನೋಡ್ದೆ? ಗಾಳಿಗೆ ತುರುಬು ಬಿಚ್ಚೋಯ್ತು, ಮುಡಿದಿದ್ದ ಮಲ್ಲಿಗೆ ಆರೋಯ್ತು, ಧೂಳು ಕುಡ್ದು ಕುಡ್ದು ಏರಿ ಮ್ಯಾಲೆ ವಾಂತಿ ಮಾಡ್ಕಂಡೆ. ಬರುವಾಗ ಬಸ್ಸಲ್ಲೇ ಬತ್ತೀನಿ ಅಂತ ಅಟ ಮಾಡ್ದೆ. ಸೂರಿಲ್ದಿರೋದು ಕಾರಾ ಅದು? ಚಕ್ರ ಇರೋ ಹಾಸ್ಗೆ."

ನಾನು ನಗುತ್ತಲೇ ಕೆಲಸ ಶುರುಮಾಡಿದೆ. ಇಂಥ ಕಾರಿನ ಮೈ ತಗಡು. ಆದರೆ ಆ ತಗಡಿನೊಳಗೆ ಮರದ ಚೌಕಟ್ಟು ಇರುತ್ತದೆ. ಮರ ಹೋದರೆ ಮೈ ಹೋದಂತೆ. ನಮ್ಮ ಕಡೆ ಗೆದ್ದಲು ಬಾಗಿಲುವಾಡವನ್ನೇ ಬಿಡುವುದಿಲ್ಲ, ಇನ್ನು ಇದನ್ನು ಬಿಟ್ಟೀತೇ ಅಂದುಕೊಂಡೇ ಬಾಗಿಲು ತೆಗೆದು ಮೇಲಕ್ಕೆ ಎತ್ತಿ ನೋಡಿದೆ. ಕೀಲು ಅಲ್ಲಾಡಲಿಲ್ಲ. ಬೆರಳ ಗಂಟಿನಿಂದ ಮರವನ್ನು ಉದ್ದಕ್ಕೂ ಬಡಿಯುತ್ತ ಹೋದೆ. ಹಿಂದುಗಡೆ ಒಂದು ಮೂಲೆಯಲ್ಲಿ ಮಾತ್ರ ಟೊಳ್ಳು ಸದ್ದು. ಉಳಿದ ಕಡೆ ಗಟ್ಟಿ. ನೆಲಕ್ಕೆ ಕಲ್ಲುಚಪ್ಪಡಿ ಹಾಸಿದ್ದರಿಂದ ಉಳಿದಿತ್ತು.

ಸೀಟಿನ ಚರ್ಮವನ್ನು ಒಂದು ಕಡೆ ಇಲಿ ಕಡಿದಿತ್ತು. ಮೀಟರುಗಳ ಗಾಜು ಹಳದಿಯಾಗಿತ್ತು, ಒಡೆದಿರಲಿಲ್ಲ. ಎಂಜಿನ್ನು ಬಿಗಿದುಕೊಂಡು ಕೂತಿತ್ತು. ಕಾರಿನಲ್ಲೇ ಇದ್ದ ಸ್ಟಾರ್ಟಿಂಗ್ ಹಿಡಿಕೆ ಹಾಕಿ ತಿರುಗಿಸಿದರೆ ಅಲುಗಲಿಲ್ಲ. ಅದು ದೊಡ್ಡ ವಿಷಯವಲ್ಲ. ಬಿಗಿದ ಎಂಜಿನ್ನನ್ನು ಬಿಡಿಸಬಹುದು. ನನ್ನನ್ನು ನಿಲ್ಲಿಸಿದ್ದು ಬಣ್ಣ. ಧೂಳು ಒರೆಸಿದರೆ ಕಡುಹಸಿರು, ಕೆರೆಯ ತಳ ಒಣಗಿದಂತೆ ಸಣ್ಣ ಸಣ್ಣ ಬಿರುಕು. ಕಾಲಿಡುವ ಹಲಗೆ ಎತ್ತಿ ನೋಡಿದೆ, ಅಲ್ಲೂ ಅದೇ ಹಸಿರು. ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲಿನ ಒಳಮಡಿಕೆಯಲ್ಲಿ, ಎಲ್ಲೆಲ್ಲೂ ಅದೇ. ಇನ್ನೊಂದು ಬಣ್ಣದ ಸುಳಿವೇ ಇಲ್ಲ. ಅಂದರೆ ಕಾರ್ಖಾನೆಯಲ್ಲಿ ಮೊದಲ ಸಲ ಹೊಡೆದ ಬಣ್ಣವೇ ಈಗಲೂ ಇದರ ಮೈಮೇಲಿತ್ತು. ಇಷ್ಟು ವರ್ಷದಲ್ಲಿ ಒಬ್ಬನೂ ಇದನ್ನು ಚೆಂದ ಮಾಡಲು ಹೋಗಿರಲಿಲ್ಲ.

ಹಳೆಯ ಕಾರಿನ ಲೋಕದಲ್ಲಿ ಲೆಕ್ಕ ತಲೆಕೆಳಗು. ಪಳಪಳ ಹೊಳೆಯುವುದು ಎಷ್ಟು ಬೇಕಾದರೂ ಸಿಗುತ್ತದೆ. ಯಾರೂ ಮುಟ್ಟದೆ ಹಾಗೇ ಮುದಿಯಾದದ್ದು ಸಿಗುವುದು ಬಲು ಅಪರೂಪ. ಹೊಳೆಯುವ ಕಾರಿನಲ್ಲಿ ಯಾವುದು ಹಳೆಯದು, ಯಾವುದು ಆಮೇಲೆ ಸೇರಿಸಿದ್ದು ಎಂದು ತಜ್ಞರೇ ತಲೆ ಕೆರೆದುಕೊಳ್ಳಬೇಕು. ಇಲ್ಲಿ ಕೆರೆದುಕೊಳ್ಳುವುದಕ್ಕೇನೂ ಇರಲಿಲ್ಲ, ಒಂದು ವಿಷಯ ಬಿಟ್ಟರೆ. ಬಾನೆಟ್ಟಿನ ಕೆಳಗೊಂದು ಹಿತ್ತಾಳೆ ತಗಡಿನಲ್ಲಿ ಚಾಸಿಯ, ಅಂದರೆ ಮೈ ಹೊತ್ತ ಕಬ್ಬಿಣದ ಚೌಕಟ್ಟಿನ, ನಂಬರು ಬರೆದಿತ್ತು. ಅದೇ ನಂಬರು ಚಾಸಿಯ ಕಬ್ಬಿಣದ ಮೇಲೂ ಕೆತ್ತಿರಬೇಕು. ಎರಡೂ ಒಂದೇ ಆಗಿದ್ದರೆ ಕಾರು ಅಸಲಿ. ಬೇರೆಯಾಗಿದ್ದರೆ ಯಾವುದೋ ಕಾರಿನ ಮೈಯನ್ನು ಇನ್ಯಾವುದೋ ಕಾರಿನ ಅಸ್ಥಿಗೆ ಕೂರಿಸಿದ್ದಾರೆ ಎಂದರ್ಥ, ಬೆಲೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಆ ಜಾಗದಲ್ಲಿ ಗ್ರೀಸು, ಧೂಳು, ಕೋಳಿ ಹಿಕ್ಕೆ ಸೇರಿ ಕಲ್ಲಿನಂತೆ ಗಟ್ಟಿಕಟ್ಟಿತ್ತು. ನನ್ನ ಬಳಿ ಸಾಮಾನು ಇರಲಿಲ್ಲ. ಭಾನುವಾರ ಡಾಕ್ಟರಮ್ಮನ ಎದುರಿಗೇ ನೋಡೋಣ ಅಂದುಕೊಂಡೆ.

"ಎಷ್ಟಾಯ್ತದ್ಲಾ?" ಅಂದರು ದೊಡ್ಡವ್ವ.

"ಕೊಳ್ಳೋ ಡಾಕ್ಟ್ರು ಭಾನುವಾರ ಬತ್ತಾರೆ, ಇಬ್ರಿಗೂ ಒಟ್ಟಿಗೇ ಹೇಳ್ತೀನಿ. ಗುಜರಿಯೋನ್ಗೆ ಮಾತ್ರ ಕೊಡ್ಬೇಡಿ."

ಇಷ್ಟೇ ಹೇಳಿ ಬಂದೆ. ದೊಡ್ಡವ್ವನ ಮಗ ಅವತ್ತು ಮನೆಯಲ್ಲಿರಲಿಲ್ಲ. ಕಬ್ಬು ತುಂಬಿಸಿಕೊಂಡು ಟ್ರಾಕ್ಟರಿನಲ್ಲಿ ಹೋಗಿದ್ದ. ಅವನು ಇದ್ದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ, ಭಾನುವಾರ ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ತಿಳಿಸಲು ಫೋನ್ ಮಾಡಿದೆ. ದೊಡ್ಡವ್ವ ಎತ್ತಿದರು.

"ಕಾರಾ? ಅದು ಇಲ್ಲಿಲ್ಲ ಕಣ್ಲಾ. ಮಗ ಟ್ರೇಲರ್‌ಗೆ ಏರಿಸ್ಕಂಡು ಬೆಳ್ಳೂರು ಕ್ರಾಸಿಗೆ ಓದ. ಬಣ್ಣ ಒಡಿಸ್ತಾನಂತೆ. ಡಾಕ್ಟ್ರು ಬರೋ ಒತ್ಗೆ ಮದ್ಲಿಂಗನಂಗೆ ಮಾಡಿ ನಿಲ್ಲಿಸ್ತೀನಿ, ಯಾರ್ಗೂ ಏಳ್ಬೇಡ ಅಂದವ್ನೆ."

"ಯಾವಾಗ ಓದ?"

"ಓಗಿ ಬೋ ಒತ್ತಾಯ್ತು. ಮೊದ್ಲು ಹಳೇ ಬಣ್ಣ ಎಲ್ಲಾ ಕೆರೆದು ಕಬ್ಣ ಕಾಣೋ ಅಂಗೆ ಮಾಡ್ತಾರಂತೆ."

ಮಗನ ಫೋನಿಗೆ ಮಾಡಿದೆ. ರಿಂಗಾಗುತ್ತಿತ್ತು, ಎತ್ತಲಿಲ್ಲ. ಟ್ರಾಕ್ಟರು ಓಡಿಸುವಾಗ ಎಲ್ಲಿ ಕೇಳಬೇಕು? ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಕೊನೆಗೆ ಸ್ಕೂಟರಿನ ಕೀಲಿಗೆ ಕೈ ಹಾಕಿದೆ. ಹೆಂಡತಿ ತಟ್ಟೆಗೆ ಉಪ್ಪಿಟ್ಟು ಬಡಿಸಿದ್ದಳು. "ತಿಂದ್ಕೊಂಡಾದ್ರೂ ಓಗಿ" ಅಂದಳು. ಅಷ್ಟರಲ್ಲಿ ನಾನು ಗೇಟು ದಾಟಿದ್ದೆ.

ಕೆ.ಆರ್. ಪೇಟೆಯಿಂದ ಬೆಳ್ಳೂರು ಕ್ರಾಸು ಸ್ಕೂಟರಿನಲ್ಲಿ ಹತ್ತಿರದ ದಾರಿಯಲ್ಲ. ನಾಗಮಂಗಲ ಬರುವ ತನಕ ಒಂದೇ ಚಿತ್ರ ಕಣ್ಣಮುಂದೆ: ತಿರುಗುವ ಗ್ರೈಂಡರು, ಅದರ ಬಾಯಿಂದ ಹಸಿರು ಪುಡಿ ಹಾರುವುದು. ಹೊಸ ಬಣ್ಣ ಯಾವ ಅಂಗಡಿಯಲ್ಲಾದರೂ ಡಬ್ಬಿಗಟ್ಟಲೆ ಸಿಗುತ್ತದೆ. ಕೆರೆದು ಹೋದದ್ದನ್ನು ಎಲ್ಲಿಂದ ತರುವುದು? ಭಾನುವಾರ ನಾನು ಹೇಳಬೇಕಾದ ಬೆಲೆ ಆ ಪುಡಿಯ ಜೊತೆ ಹಾರಿಹೋಗುತ್ತದೆ. ಪಾಪ, ಅವನೇನು ಕೆಟ್ಟದ್ದು ಬಯಸಿ ಮಾಡಿದ್ದಲ್ಲ. ಅದೇ ನನ್ನನ್ನು ಇನ್ನಷ್ಟು ಸಂಕಟಕ್ಕೆ ದೂಡಿತು. ಕೆಟ್ಟ ಬುದ್ಧಿಯವನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ನಾಗಮಂಗಲದ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿ ಮತ್ತೊಮ್ಮೆ ಫೋನ್ ಮಾಡಿದೆ. ಈ ಸಲ ಸ್ವಿಚ್ ಆಫ್. ಪಕ್ಕದಲ್ಲಿ ಎಳನೀರು ಮಾರುವವನು, "ಯಾಕ್ ಸಾರ್, ಯಾರಿಗಾದ್ರೂ ಉಸಾರಿಲ್ವಾ?" ಎಂದು ಕೇಳಿದ. ನನ್ನ ಮುಖ ಹಾಗಿತ್ತು ಅಂತ ಕಾಣುತ್ತದೆ. ತಲೆಯಾಡಿಸಿ ಹೊರಟೆ.

ಬೆಳ್ಳೂರು ಕ್ರಾಸಿನಲ್ಲಿ ಹೈವೇ ಬದಿಗೆ ಗ್ಯಾರೇಜುಗಳಿಗೇನು ಕೊರತೆ? ಪಂಕ್ಚರು, ವೆಲ್ಡಿಂಗು, ಲಾರಿ ಬಾಡಿ, ಒಂದರ ಪಕ್ಕ ಒಂದು. ಮೊದಲನೆಯದರಲ್ಲಿ ಕೇಳಿದೆ, ಗೊತ್ತಿಲ್ಲ ಅಂದರು. ಎರಡನೆಯವನು ಕೈ ತೋರಿಸಿ, "ಕಬ್ಬಿನ್ ಟ್ರೇಲರ್‌ನಲ್ಲಿ ಒಂದು ತಮಾಸೆ ಕಾರು ಓಯ್ತು, ಆ ಕಡೆ" ಅಂದ. ಆ ಕಡೆ ತಿರುಗಿದೆ. ದೂರದಿಂದಲೇ ಗ್ರೈಂಡರಿನ ಸದ್ದು ಕೇಳಿಸಿತು.

ಗ್ಯಾರೇಜಿನ ಮುಂದೆ ಸ್ಕೂಟರು ನಿಲ್ಲಿಸಿ ಇಳಿದವನು ನೆಲ ನೋಡಿದೆ. ನೆಲದ ತುಂಬ ಹಸಿರು ಪುಡಿ.

ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕೂತುಬಿಟ್ಟೆ. ಒಳಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಪೇಂಟರು ಬಗ್ಗಿ ಏನನ್ನೋ ಕೆರೆಯುತ್ತಿದ್ದ. ನನ್ನನ್ನು ನೋಡಿ ಮಿಷಿನ್ನು ನಿಲ್ಲಿಸಿದ.

"ಏನ್ ಬೇಕಿತ್ತು ಯಜಮಾನ್ರೆ?"

"ಆ ಕಾರು…" ಅಂದೆ.

"ಯಾವ ಕಾರು? ಇದು ಟ್ರಾಕ್ಟರ್ ಬಾನೆಟ್ಟು." ಅವನು ಪಕ್ಕಕ್ಕೆ ಸರಿದ. ನಿಜಕ್ಕೂ ಟ್ರಾಕ್ಟರಿನ ಬಾನೆಟ್ಟು. ಗಿಣಿ ಹಸಿರು. ನನ್ನ ಗಾಬರಿಯಲ್ಲಿ ಯಾವ ಹಸಿರು ಎಂದೂ ನಾನು ನೋಡಿರಲಿಲ್ಲ.

"ಹಳೇ ಕಾರಾ? ಅದೋ ಬೇವಿನ್ ಮರದ್ ಕೆಳಗೆ."

ಗ್ಯಾರೇಜಿನ ಪಕ್ಕದ ಬೇವಿನ ಮರದ ನೆರಳಿನಲ್ಲಿ ಟ್ರೇಲರಿತ್ತು. ಟ್ರೇಲರಿನ ಮೇಲೆ, ಹಗ್ಗ ಬಿಗಿಸಿಕೊಂಡು, ಧೂಳು ಹುಲ್ಲಿನ ಸಮೇತ ಕಾರು. ಹತ್ತಿರ ಹೋಗಿ ಮುಟ್ಟಿದೆ. ಸುತ್ತಲೂ ಒಂದು ಬಾರಿ ಬಂದೆ. ಎಡಗಡೆಯ ಮಡ್‌ಗಾರ್ಡಿನ ಮೇಲೆ ಅಂಗೈಯಷ್ಟು ಜಾಗದಲ್ಲಿ ಬಣ್ಣ ಕರಗಿಸುವ ತಿನ್ನರು ಹಾಕಿ ಉಜ್ಜಿದ್ದರು. ಅಲ್ಲಿ ಬಣ್ಣ ತೆಳುವಾಗಿ ಕೆಳಗಿನ ತಗಡು ಮಸುಕಾಗಿ ಕಾಣುತ್ತಿತ್ತು. ಉಳಿದಂತೆ ಏನೂ ಆಗಿರಲಿಲ್ಲ. ನನಗೆ ಗೊತ್ತಿಲ್ಲದೆಯೇ ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಎಂದುಕೊಂಡು ಟವೆಲಿನಿಂದ ಒರೆಸಿಕೊಂಡೆ.

ದೊಡ್ಡವ್ವನ ಮಗ ಎದುರಿನ ಹೋಟೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದ. "ಅಣ್ಣಾ! ನೀನೇನ್ ಇಲ್ಲಿ? ನಮ್ಮವ್ವ ಏಳ್ಬುಟ್ಲಾ?"

"ನಿನ್ ಫೋನೆಲ್ಲೋ?"

"ಚಾರ್ಜ್ ಕಾಲಿಯಾಯ್ತು. ಓಟ್ಲಲ್ಲಿ ಆಕಿವ್ನಿ. ಬೆಳಿಗ್ಗೆಯಿಂದ ಇದ್ನ ಕೆಳಕ್ಕೆ ಇಳ್ಸಕ್ಕೆ ಆಯ್ತಿಲ್ಲ ಕಣಣ್ಣ. ಬ್ರೇಕು ಕಚ್ಕಂಡು ಕೂತವೆ. ಏರ್ಸುವಾಗ ಊರೋರೆಲ್ಲಾ ಸೇರಿ ಎತ್ಬುಟ್ರು. ಇಲ್ಲಿ ಯಾರವ್ರೆ? ಕ್ರೇನ್ ಬರ್ಲಿ ಅಂತ ಕಾಯ್ತಾ ಇವ್ನಿ. ಆ ಒತ್ಗೆ ಈ ಪೇಂಟ್ರು ಬ್ಯಾರೆ ಕೆಲ್ಸ ಇಡ್ಕಂಡ."

"ಕ್ರೇನ್ ಬ್ಯಾಡ ಅನ್ನು."

"ಯಾಕೆ?"

ಮರದ ಕೆಳಗೆ ಕೂರಿಸಿಕೊಂಡು ಹೇಳಲು ಶುರುಮಾಡಿದೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಆವತ್ತು ಸರಿಯಾದ ಮಾತೇ ಸಿಗಲಿಲ್ಲ. ಹಳೆಯ ಬಣ್ಣಕ್ಕೇ ಬೆಲೆ ಅಂದೆ. ಅವನು ನನ್ನನ್ನು ಬಿಸಿಲು ಬಡಿದವನಂತೆ ನೋಡಿದ.

"ಎಣ್ಣು ನೋಡಕ್ಕೆ ಬತ್ತಾರೆ ಅಂದ್ರೆ ಮಖ ತೊಳ್ದು ಪೌಡ್ರು ಆಕಲ್ವಾ ಅಣ್ಣ? ಅಂಗೇ ಕೂರಿಸ್ತಾರಾ?"

"ಇದು ಅಂಗಲ್ಲ ಕಣ್ಲಾ. ಇದ್ರ ಮಖ ತೊಳುದ್ರೆ ಇದ್ಯಾರು ಅಂತ್ಲೇ ಗೊತ್ತಾಗಲ್ಲ."

ಅವನು ಟ್ರೇಲರಿನ ಕಡೆ ತಿರುಗಿ ಕಾರನ್ನು ನೋಡಿದ. ಆಮೇಲೆ ತಾನಾಗಿಯೇ ಅಂದ: "ನಮ್ಮೂರ್ ಗುಡಿ ಬಾಗಿಲ್ಗೆ ಆದಂಗಾ?"

ಅವರೂರಿನ ಗುಡಿಯ ಕಲ್ಲಿನ ಬಾಗಿಲುವಾಡದಲ್ಲಿ ಸಣ್ಣ ಸಣ್ಣ ಬಳ್ಳಿ, ಹಂಸಗಳ ಕೆತ್ತನೆಯಿದೆ. ಊರಿನವರು ಭಕ್ತಿಯಿಂದ ದುಡ್ಡು ಹಾಕಿ ಅದಕ್ಕೆ ಎನಾಮೆಲ್ ಬಳಿಸಿದ್ದರು. ಹಂಸಕ್ಕೆ ಗುಲಾಬಿ, ಬಳ್ಳಿಗೆ ನೀಲಿ. ಆಮೇಲೆ ಕೆತ್ತನೆಯ ಗೆರೆಗಳೇ ಮುಚ್ಚಿಹೋಗಿ, ನೋಡಲು ಬಂದವರೆಲ್ಲ ಛೀಮಾರಿ ಹಾಕಿ ಹೋದರಂತೆ. ಅದನ್ನು ಬಿಡಿಸಲು ಈಗಲೂ ಒದ್ದಾಡುತ್ತಿದ್ದಾರೆ.

"ಅಂಗೇ" ಅಂದೆ. "ಸರಿಯಾಗಿ ಅಂಗೇ."

"ಥೂ. ಮೊದ್ಲೇ ಏಳ್ಬಾರ್ದಾ?" ಎಂದು ಎದ್ದ.

ಬೇಸರವಾದದ್ದು ಪೇಂಟರಿಗೆ. ಅವನು ಆ ಕಾರನ್ನು ನೋಡಿದಾಗಿನಿಂದ ಮನಸ್ಸಿನಲ್ಲಿ ಬಣ್ಣ ಆರಿಸುತ್ತಿದ್ದನಂತೆ. "ಕೆಂಪು ಒಡ್ದು ಎರಡು ಕೋಟ್ ಲ್ಯಾಕರ್ ಎಳ್ದಿದ್ರೆ ನಿಮ್ ಮೀಸೆ ಅದ್ರಲ್ಲಿ ತಿದ್ಕಬೋದಾಗಿತ್ತು ಸಾರ್" ಅಂದ. ಅವನ ದನಿಯಲ್ಲಿ ನಿಜವಾದ ನೋವಿತ್ತು. ಮೂವರೂ ಟೀ ಕುಡಿದೆವು. ನನಗೆ ಹಸಿವೆ ಇದೆ ಎಂದು ಆಗ ಗೊತ್ತಾಯಿತು. ಆ ಹೋಟೆಲಿನಲ್ಲಿ ತಿಂದ ತಟ್ಟೆ ಇಡ್ಲಿಯ ರುಚಿ ಈಗಲೂ ನಾಲಿಗೆಯಲ್ಲಿದೆ. ಹಗ್ಗವನ್ನು ಮತ್ತೊಮ್ಮೆ ಬಿಗಿದು, ಟ್ರಾಕ್ಟರಿನ ಹಿಂದೆ ಹಿಂದೆಯೇ ನಾನು ಸ್ಕೂಟರಿನಲ್ಲಿ ಅವರೂರಿನ ತನಕ ಹೋದೆ. ಆ ವೇಗದಲ್ಲಿ ನಡೆದೇ ಹೋಗಬಹುದಿತ್ತು. ಆದರೂ ಕಣ್ಣಿಂದ ಮರೆಯಾಗಲು ಬಿಡಲಿಲ್ಲ.

ಭಾನುವಾರ ಡಾಕ್ಟರಮ್ಮ ತಮ್ಮ ಮಾಮೂಲಿ ಕಾರಿನಲ್ಲಿ ಬಂದರು. ಅಂಟಿದ್ದ ಹುಲ್ಲು ಕೊಡವಿ, ಕಾರನ್ನು ಟ್ರೇಲರಿನ ಮೇಲೇ ಬಿಸಿಲಿಗೆ ನಿಲ್ಲಿಸಿದ್ದೆವು. ಅವರು ಬಂದವರೇ ಯಾರನ್ನೂ ಮಾತಾಡಿಸದೆ ಅದರ ಸುತ್ತ ನಡೆದರು. ಆಸ್ಪತ್ರೆಯಲ್ಲಿ ಮಗುವನ್ನು ಪರೀಕ್ಷಿಸುವಾಗ ಅವರ ಮುಖ ಹೇಗಿರುತ್ತದೋ ಹಾಗೇ ಇತ್ತು. ಮಡ್‌ಗಾರ್ಡಿನ ಆ ಅಂಗೈಯಗಲದ ಜಾಗದ ಎದುರು ನಿಂತು ನನ್ನತ್ತ ತಿರುಗಿದರು. ದೊಡ್ಡವ್ವನ ಮಗ ಅಷ್ಟರಲ್ಲೇ ನೆಲ ನೋಡುತ್ತಿದ್ದ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, "ಇಷ್ಟಕ್ಕೇ ಮುಗೀತಲ್ಲ! ಇದು ಹೀಗೇ ಇರಲಿ. ಯಾರಾದರೂ ಕೇಳಿದರೆ ಬೆಳ್ಳೂರು ಕ್ರಾಸ್ ಅಂತೀನಿ" ಅಂದು ನಕ್ಕರು. ಅವನೂ ತಲೆ ಎತ್ತಿ ನಕ್ಕ.

ಉಳಿದಿದ್ದು ಚಾಸಿಯ ನಂಬರು. ಅದನ್ನು ನೋಡದೆ ನಾನು ಬೆಲೆ ಹೇಳುವಂತಿರಲಿಲ್ಲ. ಸೊಸೆ ಸೀಮೆಎಣ್ಣೆ, ಹಳೆಯ ಬಟ್ಟೆ ತಂದುಕೊಟ್ಟಳು. ಮುಂದಿನ ಚಕ್ರದ ಪಕ್ಕದ ಕಬ್ಬಿಣದ ಮೇಲಿದ್ದ ಗ್ರೀಸಿಗೆ ಸೀಮೆಎಣ್ಣೆ ಹಾಕಿ ನೆನೆಸಿ, ಮರದ ಚೂರಿನಿಂದ ಪದರ ಪದರವಾಗಿ ತೆಗೆಯುತ್ತ ಹೋದೆ. ಎಲ್ಲರೂ ಸುತ್ತ ನಿಂತರು.

ನಾನು ಕೈ ನಿಲ್ಲಿಸದೆಯೇ ಹೇಳಿದೆ, "ದೊಡ್ಡವ್ವ, ನಂಬ್ರು ಸರಿಯಿದ್ರೆ ಒಂದು ಬೆಲೆ. ಇಲ್ದಿದ್ರೆ ಅದ್ರಲ್ಲಿ ಅರ್ಧ. ಬೇಜಾರ್ ಮಾಡ್ಕಬ್ಯಾಡಿ."

"ನಂಗ್ಯಾಕ್ಲಾ ಬೇಜಾರು? ನೀನ್ಯಾಕ್ ಬೆವರ್ತಾ ಇದೀಯ?" ಅಂದರು ಅವರು.

ನಿಜವಾಗಿಯೂ ಬೆವರುತ್ತಿದ್ದೆ. ಮೊದಲ ಅಂಕೆ ಕಂಡಿತು. ಅದು ತಗಡಿನಲ್ಲಿದ್ದುದಕ್ಕೆ ಹೊಂದಲಿಲ್ಲ. ಒಂದು ಕ್ಷಣ ಕೈ ನಿಂತಿತು. ಡಾಕ್ಟರಮ್ಮನೂ ಬಗ್ಗಿ ನೋಡಿದರು. ಆಮೇಲೆ ನನಗೇ ಹೊಳೆಯಿತು: ನಾನು ಕೊನೆಯ ಕಡೆಯಿಂದ ಕೆರೆಯುತ್ತ ಬರುತ್ತಿದ್ದೆ. ಮೊದಲನೆಯದು ಅಂದುಕೊಂಡದ್ದು ಕಡೆಯ ಅಂಕೆ. ತಲೆಯನ್ನು ಇನ್ನೊಂದು ಕಡೆ ವಾಲಿಸಿ ಉಳಿದ ಗ್ರೀಸನ್ನೂ ಒರೆಸಿದೆ. ಡಾಕ್ಟರಮ್ಮ ಬಾನೆಟ್ಟಿನ ತಗಡು ನೋಡಿಕೊಂಡು ಒಂದೊಂದೇ ಅಂಕೆ ಓದಿದರು. ನಾನು ಕೆಳಗಿನಿಂದ ಹೂಂಗುಟ್ಟಿದೆ. ಕೊನೆಯ ಅಂಕೆಯ ತನಕ ಒಂದೂ ತಪ್ಪಲಿಲ್ಲ.

ಎದ್ದು ಕೈ ಒರೆಸಿಕೊಂಡೆ. ಸೊಸೆ ನೀರು ಕೊಟ್ಟಳು. ಜಗಲಿಯ ಮೇಲೆ ಎಲ್ಲರೂ ಕೂತ ಮೇಲೆ ನಾನು ಬೆಲೆ ಹೇಳಿದೆ. ಅಂಕೆಯನ್ನು ಇಲ್ಲಿ ಬರೆಯುವುದು ಬೇಡ. ಸೊಸೆ ಮನಸ್ಸಿನಲ್ಲೇ ಏನೋ ಕೂಡಿಸಿ, "ಅಂದ್ರೆ ಒಂದು ಹೊಸ ಟ್ರಾಕ್ಟರು, ಟ್ರೇಲರ್ ಸಮೇತ!" ಅಂದಳು. ಅವಳ ಗಂಡ ಅವಳ ಮುಖ, ನನ್ನ ಮುಖ ನೋಡಿ, ಕೊನೆಗೆ ಬೆಳ್ಳೂರಿನ ದಿಕ್ಕಿಗೆ ನೋಡಿ ಉಸಿರು ಬಿಟ್ಟ.

ಹೇಗೆ ಆ ಬೆಲೆಗೆ ಬಂದೆ ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಮರ ಗಟ್ಟಿಯಿರುವುದಕ್ಕೆ ಎಷ್ಟು, ಎಂಜಿನ್ನು ಬಿಗಿದಿರುವುದಕ್ಕೆ ಎಷ್ಟು ಕಡಿಮೆ, ಇಲಿ ತಿಂದ ಸೀಟಿಗೆ ಎಷ್ಟು ಕಡಿಮೆ, ಯಾರೂ ಮುಟ್ಟದ ಬಣ್ಣಕ್ಕೆ ಎಷ್ಟು ಹೆಚ್ಚು. ಡಾಕ್ಟರಮ್ಮ ಕೈ ಅಡ್ಡ ಮಾಡಿ ತಡೆದರು. "ಸಾಕು ಮೇಷ್ಟ್ರೇ. ನನಗೆ ಒಪ್ಪಿಗೆ. ಅಮ್ಮಾ, ನಿಮಗೆ?"

ದೊಡ್ಡವ್ವ ಹೂಂ ಅನ್ನದೆ ಸೆರಗು ಸರಿಮಾಡಿಕೊಂಡರು. ಬೆಲೆ ಕಡಿಮೆಯಾಯಿತೇನೋ ಎಂದು ನನಗೆ ಮತ್ತೆ ಅಳುಕು ಶುರುವಾಯಿತು. ಅವರು ಡಾಕ್ಟರಮ್ಮನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು, "ನೀವೇ ಓಡಿಸ್ತೀರವ್ವ ಇದ್ನ?"

"ಹೌದು. ನಾನೇ."

"ಗಂಡುಸ್ರು ಯಾರೂ ಜೊತೆಗೆ ಕೂರಲ್ವಾ?"

"ಕೂರಬೇಕು ಅಂದರೆ ಪಕ್ಕದ ಸೀಟು ಖಾಲಿ ಇರುತ್ತೆ."

ದೊಡ್ಡವ್ವ ಬಾಯಿತುಂಬ ನಕ್ಕರು. "ಅಂಗಿದ್ರೆ ತಕ್ಕೊಂಡೋಗಿ. ನಮ್ ಯಜಮಾನ್ರು ನಂಗೆ ಸ್ಟೇರಿಂಗ್ ಮುಟ್ಟಕ್ಕೂ ಬುಟ್ಟಿರ್ಲಿಲ್ಲ. ಅವ್ರು ಓಡಿಸ್ತಾ ಇದ್ರು, ನಾನ್ ವಾಂತಿ ಮಾಡ್ತಾ ಇದ್ದೆ. ನಾನೇ ಓಡ್ಸಿದ್ರೆ ವಾಂತಿ ಬತ್ತಿರ್ಲಿಲ್ವೇನೋ!"

ಮುಂದಿನ ವಾರ ಕಾರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದೆವು. ಈ ಸಲ ಡಾಕ್ಟರಮ್ಮ ಕಳಿಸಿದ ಗಟ್ಟಿ ಲಾರಿ, ಮೇಲೆ ಟಾರ್ಪಾಲು. ದೊಡ್ಡವ್ವನ ಮಗನೂ ನಾನೂ ಡ್ರೈವರಿನ ಪಕ್ಕದಲ್ಲಿ ಕೂತೆವು. ನಾಗಮಂಗಲ ದಾಟಿ ಪಾಂಡವಪುರಕ್ಕೆ ಬಂದಾಗ ಹೂವಿನ ಅಂಗಡಿಯ ಮುಂದೆ ಲಾರಿ ನಿಲ್ಲಿಸಲು ಹೇಳಿ ಅವನು ಒಂದು ಮೊಳ ಮಲ್ಲಿಗೆ ತಂದು ಟಾರ್ಪಾಲಿನ ಹಗ್ಗಕ್ಕೆ ಕಟ್ಟಿದ. ಯಾರು ಹೇಳಿದ್ದೂ ಅಲ್ಲ. ದೊಡ್ಡವ್ವನ ತುರುಬಿನಿಂದ ಹಾರಿಹೋದ ಮಲ್ಲಿಗೆ ನನಗೆ ನೆನಪಾಯಿತು.

ಶ್ರೀರಂಗಪಟ್ಟಣದಲ್ಲಿ ಇಳಿಸಲು ನಾಲ್ಕು ಜನ ಸಿದ್ಧರಿದ್ದರು. ಹಲಗೆ ಇಟ್ಟು, ಚಕ್ರಗಳ ಕೆಳಗೆ ಉರುಳೆ ಕೊಟ್ಟು, ಒಂದು ಗೀರೂ ಬೀಳದಂತೆ ಶೆಡ್ಡಿನೊಳಗೆ ಸೇರಿಸಿದರು. ಡಾಕ್ಟರಮ್ಮ ಬಾಗಿಲು ಎಳೆದುಕೊಂಡ ಮೇಲೆ ನನಗೆ ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಯಾರಿಗೂ ಮೋಸವಾಗಿರಲಿಲ್ಲ. ಯಾರ ಮುಖವನ್ನೂ ತಪ್ಪಿಸಿ ಓಡಾಡಬೇಕಾಗಿರಲಿಲ್ಲ.

ವಾಪಸು ಹೊರಟಾಗ ಲಾರಿ ಖಾಲಿ. ದೊಡ್ಡವ್ವನ ಮಗ ಹೊಸ ಟ್ರಾಕ್ಟರು ಯಾವ ಬಣ್ಣದ್ದು ಕೊಳ್ಳಬೇಕೆಂದು ಡ್ರೈವರಿನ ಜೊತೆ ಚರ್ಚೆಗಿಳಿದ. ನನ್ನ ಅಭಿಪ್ರಾಯ ಕೇಳಿದ. ನಾನು ಏನೋ ಹೇಳಿದೆ ಎಂದು ನೆನಪು. ಕಿಟಕಿಗೆ ತಲೆಯಿಟ್ಟವನು, ಆ ವಾರದಲ್ಲಿ ಮೊದಲ ಸಲ, ಹಾಗೇ ನಿದ್ದೆ ಹೋದೆ. ಕೆ.ಆರ್. ಪೇಟೆ ಬಂದಾಗ ಅವನು ಭುಜ ಅಲ್ಲಾಡಿಸಿ ಎಬ್ಬಿಸಬೇಕಾಯಿತು.